ಜೆಬೆಲ್ ಅಲಿಯವರೆಗೆ ಮಾತ್ರ

ಆಗಸ್ಟ್ 9, ಶನಿವಾರ

ಡ್ರೈವಿಂಗ್ ಟೆಸ್ಟ್‌ನಲ್ಲಿ ನಾಲ್ಕು ಸಲ ಫೇಲಾಗಿ ಐದನೇ ಸಲಕ್ಕೆ ಪಾಸಾದವಳು, ಕಾರು ಕೊಂಡ ಮೇಲಾದರೂ ನೆಮ್ಮದಿಯಾಗಿರಬಹುದು ಅಂದುಕೊಂಡಿದ್ದೆ. ಎಲ್ಲಿಯ ನೆಮ್ಮದಿ! ಫಿಲಿಪೈನ್ಸ್‌ಗೆ ವಾಪಸ್ ಹೊರಟ ನರ್ಸ್ ಒಬ್ಬಳಿಂದ ಈ ಬಿಳಿ ಸಣ್ಣ ಕಾರು ತೆಗೆದುಕೊಂಡೆ. ಸರಿಯಾಗಿ ರಿವರ್ಸ್ ಹಾಕಲು ಕಲಿಯುವ ಮೊದಲೇ ಸರ್ವಿಸ್‌ನ ಸಮಯ ಬಂತೆಂದು ಸ್ಟೇರಿಂಗ್ ಹಿಂದೆ ಹಳದಿ ದೀಪ ಮಿನುಗಲು ಶುರುವಾಗಿದೆ. ಎಲ್ಲಿ ಬಿಡುವುದು? ಕ್ಲಿನಿಕ್‌ನ ಲ್ಯಾಬ್‌ನಲ್ಲಿ ನನ್ನ ಪಕ್ಕದ ಮೇಜಿನ ಫರ್ಝಾನ, "ಕಂಪೆನಿಯ ಶೋರೂಮಿಗೇ ಬಿಡು, ದುಡ್ಡು ಹೋದ್ರೂ ತಲೆಬಿಸಿ ಇಲ್ಲ" ಎನ್ನುತ್ತಾಳೆ. ಚರ್ಚ್‌ನ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದೇ ನನ್ನ ತಪ್ಪು. ಶಾರ್ಜಾ ಅಂದವರೆಷ್ಟು, ಅಲ್ ಕೂಝ್ ಅಂದವರೆಷ್ಟು. ಕೊನೆಗೆ ನೆವಿಲ್ ಮತ್ತು ಹ್ಯೂಬರ್ಟ್ ಜಗಳ ಮಾಡಿಕೊಂಡು ಗುಂಪನ್ನೇ ಬಿಟ್ಟುಹೋದರು.

ಜೂಡಿತ್ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು. "ರಾಸ್ ಅಲ್ ಖೋರ್‌ನಲ್ಲಿ ಮಮ್ಮು ಕಾಕನ ಗ್ಯಾರೇಜ್ ಇರುವಾಗ ಬೇರೆ ಕಡೆ ಎಂತಕ್ಕೆ ಸಾಯ್ಲಿಕ್ಕೆ ಹೋಗುದು? ನಮ್ಮ ಊರಿನವರು. ಮೋಸ ಮಾಡುದಿಲ್ಲ."

ಖಲಾಸ್. ಈ ಮನೆಯಲ್ಲಿ ತೀರ್ಮಾನವೆಲ್ಲ ಅಕ್ಕನದೇ. ಇರಲಿ, ನನಗೆ ವೀಸಾ ಮಾಡಿಸಿ ದುಬೈಗೆ ಕರೆಸಿಕೊಂಡವಳು ಅವಳು. ಇಂಟರ್‌ನ್ಯಾಷನಲ್ ಸಿಟಿಯ ಈ ಒಂದು ಬೆಡ್‌ರೂಮಿನ ಮನೆಯಲ್ಲಿ ಗಂಡ, ಮಗಳ ಜೊತೆ ನನಗೂ ಹಾಲ್‌ನಲ್ಲಿ ಪರದೆ ಕಟ್ಟಿ ಒಂದು ಮೂಲೆ ಕೊಟ್ಟವಳು. ವೀಸಾ ಕೊಟ್ಟವರಿಗೆ ಇಲ್ಲ ಅನ್ನಲು ಇಲ್ಲಿ ಯಾರಿಗೂ ಬಾಯಿ ಬರುವುದಿಲ್ಲ, ನನಗೂ ಬರುವುದಿಲ್ಲ.

ಮುಖ್ಯ ಸುದ್ದಿ ಬರೆಯಲೇ ಇಲ್ಲ. ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ನ ಕ್ಲಿನಿಕ್‌ನವರು ನನ್ನನ್ನು ಆರಿಸಿದ್ದಾರೆ! ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವ ತಂಡಕ್ಕೆ ನಾನೇ ಇನ್‌ಚಾರ್ಜ್. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಟ್ಯೂಬ್ ಜೋಡಿಸಿದ್ದು ಸಾಕು. ಆದರೆ ಸ್ವಂತ ಕಾರು ಬೇಕೇ ಬೇಕು, ಮುಂದಿನ ವಾರಾಂತ್ಯದೊಳಗೆ ಉತ್ತರ ಕೊಡಬೇಕು ಅಂದಿದ್ದಾರೆ ಅಲ್ಲಿನ ಎಚ್‌ಆರ್‌ನ ಯುಜಿನ್. ಕಾರು ಸರಿಯಿದ್ದರೆ ಹೂಂ ಅನ್ನುವುದೇ. ಅಕ್ಕನಿಗೆ ಹೇಳಿದೆ. "ಒಳ್ಳೆದಾಯ್ತು" ಎಂದು ತಲೆ ಸವರಿ ಅಡುಗೆಮನೆಗೆ ಹೋದವಳು ತುಂಬ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಖುಷಿಗೆ ಅತ್ತಿರಬೇಕು, ಪಾಪ.

ಆಗಸ್ಟ್ 11, ಸೋಮವಾರ

ಮನೆಯಿಂದ ರಾಸ್ ಅಲ್ ಖೋರ್ ಮೂಗಿನ ತುದಿಯಲ್ಲಿದೆ. ನಾನು ತಲುಪುವಷ್ಟರಲ್ಲಿ ಒಂದು ಜಪಮಾಲೆ ಪೂರ್ತಿ ಮುಗಿಯಿತು. ದಾರಿಯಲ್ಲಿ ದೊಡ್ಡ ಗಾಡಿಯವನೊಬ್ಬ ಹಿಂದಿನಿಂದ ಲೈಟ್ ಹೊಡೆದ. ನಾನು ಹೆದರಿ, ತಿರುಗಬೇಕಾದಲ್ಲಿ ತಿರುಗದೆ, ಎಲ್ಲೆಲ್ಲೋ ಸುತ್ತಿ ಪುನಃ ನಮ್ಮ ಬಿಲ್ಡಿಂಗ್ ಎದುರಿಗೇ ಬಂದೆ. ಅಕ್ಕನಿಗೆ ಫೋನ್ ಮಾಡಿ ಯಾವ ಲೇನ್‌ನಲ್ಲಿ ಹೋಗಲಿ ಅಂತ ಕೇಳಿದೆ. ಅಕ್ಕನಿಗೆ ಲೈಸೆನ್ಸೇ ಇಲ್ಲ!

ಮಮ್ಮು ಕಾಕ ಒಳ್ಳೆಯವರು, ಊರಿನ ಕ್ರಮದಂತೆ ಕ್ರಿಸ್ತಿಯನ್ ಹೆಂಗಸರನ್ನು ಬಾಯಿ ಅಂತಲೇ ಕರೆಯುತ್ತಾರೆ. "ಬನ್ನಿ ಬಾಯಿ, ಒಬ್ಬರೇ ಓಡಿಸಿಕೊಂಡು ಬಂದದ್ದಾ? ಅಬ್ಬಬ್ಬಾ!" ಎಂದು ಕುರ್ಚಿ ಕೊಟ್ಟು, ಹಾಲು ಹಾಕದ ಸುಲೈಮಾನಿ ಚಾ ತರಿಸಿದರು. ಬಾನೆಟ್ ಎತ್ತಿದರು, ಎಂಜಿನ್ ಶುರು ಮಾಡಿ ಕಿವಿಗೊಟ್ಟರು, ಒಂದು ರೌಂಡ್ ಓಡಿಸಿಯೂ ಬಂದರು.

"ಎಂತದ್ದೂ ಇಲ್ಲ ಬಾಯಿ. ಆಯಿಲ್, ಫಿಲ್ಟರ್ ಚೇಂಜ್ ಮಾಡಿದ್ರೆ ಮುಗೀತು."

"ಅಬುಧಾಬಿಗೆ ಹೋಗ್ಬಹುದಾ ಕಾಕ?"

"ಅಬುಧಾಬಿ ಎಂತ, ಒಮಾನಿನ ಸಲಾಲಕ್ಕೇ ಹೋಗಿ!"

ಎರಡು ದಿನ ಬಿಟ್ಟು ಬರಲು ಹೇಳಿದರು. ಬಸ್ಸಿನಲ್ಲಿ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ.

ಆಗಸ್ಟ್ 13, ಬುಧವಾರ

ಎಲ್ಲ ಮುಗಿಯಿತು. ಗೇರ್‌ಬಾಕ್ಸ್ ಸರಿಯಿಲ್ಲವಂತೆ.

ಕಾಕ ನನಗೆ ಫೋನ್ ಮಾಡದೆ ಅಕ್ಕನಿಗೆ ಮಾಡಿದ್ದರಂತೆ. ಹಿರಿಯರಿಗೆ ಹೇಳುವುದು ಅವರ ಕ್ರಮ. ನಾನೇ ಗ್ಯಾರೇಜಿಗೆ ಓಡಿದೆ. "ಅಬುಧಾಬಿ ರೋಡಿಗೆ ಬೇಡ ಬಾಯಿ. ಇಲ್ಲೇ ಜೂಡಿತ್ ಬಾಯಿಯನ್ನು ಆಫೀಸಿಗೆ ಬಿಡ್ಲಿಕ್ಕೆ, ಮಗುವನ್ನು ಶಾಲೆಗೆ ಬಿಡ್ಲಿಕ್ಕೆ ಎಂತ ತೊಂದರೆಯೂ ಇಲ್ಲ" ಅಂದರು. ರಿಪೇರಿ ಮಾಡಿಸೋಣ ಅಂದರೆ, "ರಿಪೇರಿ ಎಲ್ಲ ಎಂತಕ್ಕೆ ಬಾಯಿ, ಬಿಡಿ" ಎಂದು ಒಂದು ಥರ ನಕ್ಕರು. ನನಗೆ ಅಳು ಒತ್ತಿಕೊಂಡು ಬರುತ್ತಿತ್ತು, ಅವರು ನಗುತ್ತಿದ್ದರು. ಧೈರ್ಯ ತುಂಬಲು ಇರಬೇಕು. ಆಯಿಲ್‌ನ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗುತ್ತಾರೆ?

ಆ ನರ್ಸ್ ನನ್ನ ತಲೆಗೆ ಹಾಳು ಗಾಡಿ ಕಟ್ಟಿ ಹೋದಳು. ಪಾರ್ಕಿಂಗ್‌ನಲ್ಲಿ ಟಯರಿಗೆ ಒಂದು ಒದ್ದೆ. ಕಾಲು ನೋಯುತ್ತಿದೆ.

ಆಗಸ್ಟ್ 17, ಭಾನುವಾರ

ಯುಜಿನ್‌ಗೆ ಆಗುವುದಿಲ್ಲ ಅಂತ ಹೇಳಿದೆ. "ಬೇರೆ ಕಾರು ನೋಡ್ಬಹುದಲ್ವಾ?" ಅಂದರು. ಕೈಯಲ್ಲಿದ್ದದ್ದನ್ನೆಲ್ಲ ಈ ಕಾರಿಗೇ ಸುರಿದಿದ್ದೇನೆ ಅಂತ ಅವರಿಗೆ ಹೇಗೆ ಹೇಳುವುದು? ಅವರು ನಿಜವಾಗಿಯೂ ಬೇಸರಪಟ್ಟರು.

ಚರ್ಚ್‌ನಲ್ಲಿ ಅಕ್ಕ ಎದುರು ಸಿಕ್ಕವರಿಗೆಲ್ಲ, "ಪಾಪ, ಇವಳ ಕಾರು ಕೈಕೊಟ್ಟಿತು. ಇಲ್ಲದಿದ್ರೆ ದೊಡ್ಡ ಪೋಸ್ಟ್ ಸಿಕ್ತಿತ್ತು" ಎಂದು ಹೇಳಿದಳು. ಮನೆಗೆ ಬಂದು ನನಗಾಗಿ ಇಡ್ಲಿಯಂಥ ಸಾನ್ನ ಮಾಡಿದಳು, ಕೋಳಿ ಸಾರು ಮಾಡಿದಳು, ಕೂತಲ್ಲಿಗೇ ತಂದು ಬಡಿಸಿದಳು. ಅಮ್ಮ ತೀರಿಹೋದ ಮೇಲೆ ನನ್ನ ತಟ್ಟೆಗೆ ಇಷ್ಟು ಪ್ರೀತಿಯಿಂದ ಯಾರೂ ಹಾಕಿದವರಿಲ್ಲ. ಒಳಗೊಳಗೆ ಸ್ವಲ್ಪ ಹಗುರವೂ ಆಗಿದೆ, ಸುಳ್ಳು ಯಾಕೆ. ಆ ದೊಡ್ಡ ರೋಡಿಗೆ ನಾನು ಹೆದರುತ್ತಿದ್ದೆ.

ಆಗಸ್ಟ್ 26, ಮಂಗಳವಾರ

ಅಕ್ಕನ ಮಗಳು ಶನೆಲ್‌ಗೆ ಶಾಲೆ ಶುರುವಾಗಿದೆ. ನನಗೆ ಪುರುಸೊತ್ತೇ ಇಲ್ಲ. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು, ಅಕ್ಕನನ್ನು ಜೆಬೆಲ್ ಅಲಿಯ ಅವಳ ಆಫೀಸಿಗೆ ಬಿಟ್ಟು, ಅಲ್ಲಿಂದ ವಾಪಸ್ ಬರ್ಶಾದ ನನ್ನ ಕ್ಲಿನಿಕ್‌ಗೆ. ಸಂಜೆ ಇದೇ ಉಲ್ಟಾ. ಮೊದಲು ಅಕ್ಕ ಕತ್ತಲಲ್ಲೇ ಎದ್ದು ಕಂಪೆನಿ ಬಸ್ಸಿಗೆ ಕಾಯುತ್ತಿದ್ದಳು. ಈಗ ಆರಾಮವಾಗಿ ಎದ್ದು ಕಾಫಿ ಕುಡಿದು ಬರುತ್ತಾಳೆ. ಮೊದಮೊದಲು ಕಾರಿನ ಹಿಡಿಕೆ ಗಟ್ಟಿಯಾಗಿ ಹಿಡಿದು ದೇವರ ಹೆಸರು ಹೇಳುತ್ತಿದ್ದವಳು ಈಗ ಸೀಟು ಹಿಂದಕ್ಕೆ ಮಾಡಿ ಗೊರಕೆ ಹೊಡೆಯುತ್ತಾಳೆ.

ಇವತ್ತು ಶೇಖ್ ಝಾಯೆದ್ ರೋಡಿನಲ್ಲಿ ಒಬ್ಬ ಮಹಾರಾಯ ಇಂಡಿಕೇಟರ್ ಹಾಕದೆ ನನ್ನ ಮುಂದೆ ನುಗ್ಗಿದ. ಹಾರ್ನ್ ಹೊಡೆದು, ಪಕ್ಕದ ಲೇನ್‌ಗೆ ಹೋಗಿ, ಅವನನ್ನು ದಾಟಿ ಬಂದೆ. ಮನುಷ್ಯರಿಗೆ ಮರ್ಯಾದೆಯೇ ಇಲ್ಲ. ಕ್ಲಿನಿಕ್‌ನಲ್ಲಿ ಚಾ ಮುಗಿದುಹೋಗಿತ್ತು.

ಶನೆಲ್ ದಾರಿಯಲ್ಲಿ, "ಆಂಟಿ, ಮಮ್ಮಾ ಪ್ರಾಮಿಸ್ಡ್ ಮಿ ಯು ವೋಂಟ್ ಗೋ ಟು ಅಬುಧಾಬಿ" ಅಂದಳು. ಯಾವಾಗ ಮಾಡಿದ ಪ್ರಾಮಿಸ್ ಅಂತ ಕೇಳಿದೆ. ಕಾರು ಗ್ಯಾರೇಜಿಗೆ ಹೋದ ದಿನವೇ ಅಂತೆ. ಪಾಪ, ಮಗುವಿಗೆ ಹಿಂದುಮುಂದು ಗೊತ್ತಾಗುವುದಿಲ್ಲ.

ಆಗಸ್ಟ್ 28, ಗುರುವಾರ

ಫರ್ಝಾನಳ ಜೊತೆ ಜಗಳವಾಯಿತು. ಊಟ ಮಾಡುವಾಗ ಗೇರ್‌ಬಾಕ್ಸ್‌ನ ಸಂಕಟ ಹೇಳಿಕೊಳ್ಳುತ್ತಿದ್ದೆ. ಅವಳು ಡಬ್ಬಿಯ ಮುಚ್ಚಳ ಹಾಕಿ ನನ್ನನ್ನೇ ನೋಡಿದಳು.

"ಟೀನಾ, ಜೆಬೆಲ್ ಅಲಿ ಎಲ್ಲಿ ಉಂಟು?"

"ಎಲ್ಲಿ ಅಂದ್ರೆ?"

"ಅಬುಧಾಬಿ ರೋಡಿನಲ್ಲೇ ಅಲ್ವಾ ಮಾರಾಯ್ತಿ? ಅಲ್ಲಿವರೆಗೆ ದಿನಾ ಹೋಗಿ ಬರುವ ಗೇರ್‌ಬಾಕ್ಸ್ ಅಲ್ಲಿಂದ ಮುಂದೆ ಮಾತ್ರ ಹೇಗೆ ಹಾಳಾಗ್ತದೆ? ಬೇರೆ ಕಡೆ ತೋರಿಸು. ಯಾರದೋ ಹೊಟ್ಟೆಯಲ್ಲಿ ಎಂತದೋ ಉಂಟು."

ನಮ್ಮ ಊರಿನವರ ಬಗ್ಗೆ ಹಾಗೆಲ್ಲ ಮಾತಾಡಬೇಡ ಅಂದೆ. "ಮಮ್ಮು ಕಾಕ ನನಗೂ ಊರಿನವರೇ" ಅಂದಳು. ನಿನಗೆ ನಮ್ಮ ಮನೆಯ ಉಸಾಬರಿ ಯಾಕೆ ಎಂದು ಕೂಗಾಡಿ ಎದ್ದು ಬಂದೆ. ಎಲ್ಲರೂ ನೋಡಿದರು. ಸಂಜೆ ಅವಳ ಮುಖ ನೋಡದೆ ಹೊರಟುಬಿಟ್ಟೆ.

ಜೆಬೆಲ್ ಅಲಿಯ ಎಕ್ಸಿಟ್ ಹತ್ತಿರ ಹಸಿರು ಬೋರ್ಡ್ ಇದೆ. ಅಬುಧಾಬಿ, ನೇರ ಮುಂದಕ್ಕೆ. ದಿನಾ ಅದರ ಕೆಳಗೇ ತಿರುಗುತ್ತಿದ್ದೇನೆ. ಇಷ್ಟು ದಿನ ನನ್ನ ಬುದ್ಧಿ ಎಲ್ಲಿ ಹೋಗಿತ್ತು?

ಆಗಸ್ಟ್ 30, ಶನಿವಾರ

ಅಕ್ಕನಿಗೆ ಲುಲು ಸೂಪರ್‌ಮಾರ್ಕೆಟ್‌ಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ ಅಲ್ ಕೂಝ್‌ಗೆ ಹೋದೆ. ಯಾರನ್ನೂ ಕೇಳಲಿಲ್ಲ. ನನ್ನ ಊರು, ನನ್ನ ಭಾಷೆ, ನನ್ನ ಚರ್ಚ್, ಯಾವುದೂ ಗೊತ್ತಿಲ್ಲದ ಗ್ಯಾರೇಜ್ ಬೇಕಿತ್ತು. ಎರಡು ಬೀದಿ ಸುತ್ತಿ, ಕಾರನ್ನು ಮೇಲೆತ್ತುವ ಮೆಷಿನ್ ಹೊರಗಿನಿಂದಲೇ ಕಾಣುವಂಥದ್ದನ್ನು ಆರಿಸಿದೆ. ಇಬ್ಬರು ಸೇರಿ ಕಾರನ್ನು ಎತ್ತಿ, ಕಂಪ್ಯೂಟರಿಗೆ ಜೋಡಿಸಿ ನೋಡಿದರು. ಮೇಲ್ವಿಚಾರಕ ಪಾಕಿಸ್ತಾನದವರು, ಹಿಂದಿಯಲ್ಲೇ ಮಾತಾಡಿದರು. ಗೇರ್‌ಬಾಕ್ಸ್ ಚೆನ್ನಾಗಿದೆ, ಯಾರಾದರೂ ಬಿಚ್ಚಿದ ಗುರುತೂ ಇಲ್ಲ, ಹಾಳಾಗಿದೆ ಅಂತ ಹೇಳಿದ್ದು ಯಾರು ಎಂದು ಕೇಳಿದರು. ನಮ್ಮವರು ಅಂದೆ.

ಬೇರೆ ಇನ್ನೊಂದು ಗ್ಯಾರೇಜಿಗೂ ಹೋದೆ. ಅಲ್ಲಿಯೂ ಅದೇ ಮಾತು.

ಕೋಪದಲ್ಲಿ ಸೀದಾ ಮನೆಗೆ ಬಂದು ಅಕ್ಕನಿಗೇ ಹೇಳಿದೆ. "ಮಮ್ಮು ಕಾಕ ಶುದ್ಧ ಸುಳ್ಳು ಹೇಳಿದ್ದು ಅಕ್ಕ! ಕಾರಿಗೆ ಎಂತದ್ದೂ ಆಗ್ಲಿಲ್ಲ!" ಅಕ್ಕ ಒಗ್ಗರಣೆ ಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ನನ್ನನ್ನು ಕೇಳದೆ ಬೇರೆ ಗ್ಯಾರೇಜಿಗೆ ಯಾಕೆ ಹೋದದ್ದು?"

"ಅವರು ನನ್ನ ಕೆಲಸ ಕಳೆದ್ರು ಅಕ್ಕ."

"ಹೋದದ್ದು ಹೋಯ್ತು. ಪ್ರಾಯ ಆದವರು, ಅವರ ಹತ್ರ ಹೋಗಿ ಜಗಳ ಮಾಡ್ಬೇಡ. ನನ್ನ ಆಣೆ."

ಅಕ್ಕನ ಮನಸ್ಸು ಮೆತ್ತಗೆ. ಯಾರನ್ನೂ ನೋಯಿಸಲು ಅವಳಿಗಾಗುವುದಿಲ್ಲ. ನನಗೆ ಆಗುತ್ತದೆ.

ಸೆಪ್ಟೆಂಬರ್ 1, ಸೋಮವಾರ

ಲ್ಯಾಬ್‌ಗೆ ಅರ್ಧ ದಿನ ರಜೆ ಹಾಕಿ ಮಮ್ಮು ಕಾಕನ ಗ್ಯಾರೇಜಿಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಕಳ್ಳ ಅಂತಲೂ ಅಂದೆ, ಕೆಲಸದವರೆಲ್ಲ ಕೇಳುವ ಹಾಗೆ. ಕಾಕ ಬಟ್ಟೆಯಲ್ಲಿ ಕೈ ಒರೆಸುತ್ತ ಬೆಪ್ಪಾಗಿ ನಿಂತಿದ್ದರು.

"ಅಲ್ಲ ಬಾಯಿ, ಅದು ನೀವೇ ಹೇಳಿಸಿದ್ದಲ್ವಾ?"

"ನಾನಾ?"

"ಜೂಡಿತ್ ಬಾಯಿ ಫೋನ್ ಮಾಡಿದ್ರು. ತಂಗಿಗೆ ಆ ರೋಡಿನ ಹೆದರಿಕೆ, ಹೋಗ್ಲಿಕ್ಕೆ ಮನಸ್ಸಿಲ್ಲ, ಆದ್ರೆ ಬೇಡ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ನಾಚಿಕೆ. ನೀವು ಕಾರು ಸರಿಯಿಲ್ಲ ಅಂತ ಹೇಳಿಬಿಡಿ ಕಾಕ, ಅವಳ ಮರ್ಯಾದೆ ಉಳೀತದೆ ಅಂದ್ರು. ನಿಮಗೂ ಗೊತ್ತುಂಟು ಅಂತ ನಾನು ಎಣಿಸಿದ್ದು. ಅದಕ್ಕೇ ನಗಾಡಿದ್ದು. ಅಲ್ಲಾ, ನಿಮಗೆ ಗೊತ್ತಿರ್ಲಿಲ್ವಾ?"

ಕಾಕ ಚಾ ತರಿಸಲೇ ಅಂದರು. ಬೇಡ ಅಂದೆ. ಕಳ್ಳ ಅಂದದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಕೇಳಲು ಬಾಯಿ ಏಳಲಿಲ್ಲ. ಸಂಜೆ ಜೆಬೆಲ್ ಅಲಿಗೆ ಹೋಗಿ ಅಕ್ಕನನ್ನು ಹತ್ತಿಸಿಕೊಂಡು ಬಂದೆ.

ಸೆಪ್ಟೆಂಬರ್ 2, ಮಂಗಳವಾರ

ಅಕ್ಕ.

ಸೆಪ್ಟೆಂಬರ್ 4, ಗುರುವಾರ

ಇನ್ನೂ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ಮಲಗಿರುತ್ತಾಳೆ. ಬ್ರೇಕ್ ಹಾಕಿದರೂ ಎಚ್ಚರವಾಗುವುದಿಲ್ಲ, ಅಷ್ಟು ನಂಬಿಕೆ ನನ್ನ ಮೇಲೆ! ಇವತ್ತು ಮರಳುಗಾಳಿ, ಮುಂದಿನ ಗಾಡಿಯ ಲೈಟು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದುದು ಒಂದೇ, ಇವಳು ಇದನ್ನು ಯಾವಾಗ ಯೋಚಿಸಿದ್ದು? ನನ್ನ ತಲೆ ಸವರುವಾಗಲೇ? ಅಡುಗೆಮನೆಯಲ್ಲಿ ಅಳುವಾಗ? ಸಾನ್ನಕ್ಕೆ ಅಕ್ಕಿ ನೆನೆಹಾಕುವಾಗ ಅವಳಿಗೆ ಒಮ್ಮೆಯೂ ಏನೂ ಅನ್ನಿಸಲಿಲ್ಲವೇ?

ಬೇರೆ ಯಾರಾದರೂ ಮಾಡಿದ್ದರೆ ನಾನು ಬಂದು ಇವಳ ಹತ್ತಿರವೇ ಹೇಳಿ ಅಳುತ್ತಿದ್ದೆ.

ಸೆಪ್ಟೆಂಬರ್ 7, ಭಾನುವಾರ

ನಾಳೆ ಮೇರಿ ಮಾತೆ ಹುಟ್ಟಿದ ದಿನದ ಮೊಂತಿ ಹಬ್ಬ, ಹೊಸ ಅಕ್ಕಿಯ ಹಬ್ಬ; ರಜೆಯೆಂದು ಇವತ್ತೇ ಮಾಡಿದೆವು. ಊರಿನಿಂದ ವಿಮಾನದಲ್ಲಿ ಬಂದ ಭತ್ತದ ತೆನೆಯನ್ನು ಚರ್ಚ್‌ನಲ್ಲಿ ಆಶೀರ್ವದಿಸಿ ಮನೆಗೊಂದು ಕೊಟ್ಟರು. ಅಕ್ಕ ಬೆಳಿಗ್ಗೆಯಿಂದ ನಿಂತು ತೊಂಡೆಕಾಯಿ, ಅಲಸಂಡೆ, ಹರಿವೆ ದಂಟು, ಕೆಸುವಿನ ಸೊಪ್ಪು ಎಲ್ಲ ಮಾಡಿದ್ದಳು. ಹೋಟೆಲ್ ಡ್ಯೂಟಿಯ ರುಡೊಲ್ಫ್ ಬಾವನೂ ರಜೆ ಹಾಕಿದ್ದರು. ಬಾಳೆಎಲೆ ಹಾಸಿ, ಪ್ರಾರ್ಥನೆ ಹೇಳಿ ಕೂತೆವು. ಹೊಸ ಅಕ್ಕಿ ಹಾಕಿದ ಹಾಲನ್ನು ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡಬೇಕು. ಬಾವನಿಗೆ, ಶನೆಲ್‌ಗೆ ಕೊಟ್ಟು ಅಕ್ಕ ನನ್ನ ಕಡೆ ಚಮಚ ಚಾಚಿದಳು. ಒಂದು ಮನೆಯವರು ಮಾತ್ರ ಕೂತು ತಿನ್ನುವ ಊಟ ಇದು. ನನ್ನ ಕೈ ಮುಂದೆ ಹೋಗಲಿಲ್ಲ.

"ಮಮ್ಮು ಕಾಕನಿಗೆ ನೀನು ಫೋನ್ ಮಾಡಿದ್ದಾ ಅಕ್ಕ?"

ಚಮಚ ಅಲ್ಲೇ ನಿಂತಿತು. ಬಾವ ಎಲೆ ನೋಡುತ್ತಿದ್ದರು.

"ಹೌದು, ಮಾಡಿದೆ. ಎಂತ ಈಗ? ನಿನಗೆ ಹೆದರಿಕೆ ಇರ್ಲಿಲ್ವಾ? ಎದೆ ಮುಟ್ಟಿ ಹೇಳು."

"ಇತ್ತು. ಆದ್ರೆ ಅದು ನನ್ನ ಹೆದರಿಕೆ. ಅದನ್ನು ಗ್ಯಾರೇಜಿನವರಿಗೆ ಹೇಳ್ಲಿಕ್ಕೆ ನೀನು ಯಾರು?"

"ನಾನು ಯಾರಾ? ನಾನು ವೀಸಾ ಕೊಡದಿದ್ರೆ ನೀನು ಇವತ್ತು ಎಲ್ಲಿರ್ತಿದ್ದೆ? ಇಷ್ಟು ವರ್ಷ ಆ ಬಸ್ಸಿಗೆ ನಿಂತು ನನ್ನ ಕಾಲಿನ ನರ ಎಲ್ಲ ಗಂಟುಕಟ್ಟಿದೆ. ಬಾವನಿಗೆ ಹಗಲು ರಾತ್ರಿ ಡ್ಯೂಟಿ. ಮಗುವನ್ನು ಯಾರು ನೋಡುದು? ನಿನಗೆ ಒಂದು ಕಾರು ಬಂದ ಕೂಡಲೇ ಹೊರಟುಹೋಗುದಾ?"

"ಜೂಡಿತ್, ಹಬ್ಬದ ದಿನ ಬೇಡ" ಅಂದರು ಬಾವ.

"ಬಾವ, ನಿಮಗೂ ಗೊತ್ತಿತ್ತಾ?"

ಬಾವ ಊಟ ಶುರುಮಾಡದೆಯೇ ಎಲೆ ಮಡಚಿದರು. ಶನೆಲ್ ಅಳಲು ಶುರುಮಾಡಿದಳು. ಮಗುವಿಗೂ ಗೊತ್ತಿತ್ತು, ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಹೊಸ ಅಕ್ಕಿ ಬಿಸಾಡಬಾರದು ಅಂತ ಅಕ್ಕನ ಕೈಯಿಂದ ಚಮಚ ತೆಗೆದುಕೊಂಡು ನಾನೇ ತಿಂದೆ. ರುಚಿ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಯುಜಿನ್‌ಗೆ ಫೋನ್ ಮಾಡಿದೆ. ಇನ್‌ಚಾರ್ಜ್ ಕೆಲಸಕ್ಕೆ ಬೇರೆ ಹುಡುಗಿ ಸೇರಿದ್ದಾಳೆ. ಒಳ್ಳೆಯ ಹುಡುಗಿಯಂತೆ. ಅವಳ ಕೈಕೆಳಗೆ ಮನೆಮನೆಗೆ ಹೋಗಿ ಸ್ಯಾಂಪಲ್ ತೆಗೆಯುವ ಕೆಲಸ ಒಂದು ಖಾಲಿಯಿದೆ, ನಿಮಗೆ ಅದು ಸಣ್ಣದಾಗುತ್ತದೆ ಎಂದು ಹಿಂದೆಮುಂದೆ ನೋಡುತ್ತ ಹೇಳಿದರು. ಬರುತ್ತೇನೆ ಅಂದೆ. ಯಾರನ್ನೂ ಕೇಳಲಿಲ್ಲ. ಇಲ್ಲಿ ನೋಟೀಸ್ ಕೊಟ್ಟಾಯಿತು.

ಫರ್ಝಾನಳಿಗೆ ಎಲ್ಲ ಹೇಳಿದೆ. ನಾನೇ ಮೊದಲು ಹೇಳಿದ್ದೆ ಅಂತ ಅವಳು ಅನ್ನಲಿಲ್ಲ. ತನ್ನ ಡಬ್ಬಿಯ ಅಕ್ಕಿಯ ಪತ್ತಿರಿ ರೊಟ್ಟಿಯನ್ನು ಅರ್ಧ ನನಗೆ ಕೊಟ್ಟಳು.

ಅಕ್ಟೋಬರ್ 11, ಶನಿವಾರ, ಅಬುಧಾಬಿ

ತಿಂಗಳು ಪೂರ್ತಿ ಬರೆಯಲಿಲ್ಲ. ಬರೆಯಲು ಏನಿತ್ತು? ಅಕ್ಕ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ದಿನಾ ಅವಳನ್ನು ಜೆಬೆಲ್ ಅಲಿಗೆ ಬಿಟ್ಟೆ, ಕರೆತಂದೆ. ಒಂದು ದಿನವೂ ತಪ್ಪಿಸಲಿಲ್ಲ. ಅವಳು ಮಾತ್ರ ಮತ್ತೆ ಕಾರಿನಲ್ಲಿ ನಿದ್ದೆ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಸಾಮಾನು ತುಂಬಿದೆ. ಬಾವ ಸೂಟ್‌ಕೇಸ್ ಇಟ್ಟು, ಜೋಪಾನ ಎಂದು ಒಳಗೆ ಹೋದರು. ಶನೆಲ್ ಬಾಲ್ಕನಿಯಿಂದ ಕೈ ಬೀಸಿದಳು. ನಾನು ಕಾರು ಶುರುಮಾಡುವಾಗ ಅಕ್ಕ ನೈಟಿಯಲ್ಲೇ, ಕೂದಲೂ ಕಟ್ಟದೆ ಪಾರ್ಕಿಂಗ್‌ಗೆ ಓಡಿಬಂದಳು. ಕಿಟಕಿಯ ಗಾಜು ಬಡಿದಳು. ಇಳಿಸಿದೆ.

"ಹೋಗ್ಬೇಡ ಟೀನಾ. ನೀನು ಇಲ್ಲದಿದ್ರೆ ನನಗೆ ಆಗುದಿಲ್ಲ."

ಅಷ್ಟೇ ಹೇಳಿದಳು. ವೀಸಾದ ಮಾತಿಲ್ಲ, ಬಸ್ಸಿನ ಮಾತಿಲ್ಲ. ಹುಟ್ಟಿದಾಗಿನಿಂದ ಅವಳು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಇದೇ ಮೊದಲು. ನನ್ನ ಕಣ್ಣು ತುಂಬಿತು. ಕೋಪವೂ ಬಂತು, ಕೈ ಎತ್ತಿ ಹೊಡೆಯುವಷ್ಟು.

"ಈ ಒಂದು ಮಾತು ಅವತ್ತೇ ಹೇಳಿದ್ರೆ ಸಾಕಿತ್ತು ಅಕ್ಕ. ಅದೇ ಗಳಿಗೆಯಲ್ಲಿ ಯುಜಿನ್‌ಗೆ ಬೇಡ ಅಂತ ಹೇಳಿ, ಖುಷಿಯಲ್ಲಿ ನಿನ್ನ ಹತ್ರವೇ ಇರ್ತಿದ್ದೆ."

"ನಿಜವಾ?"

"ದೇವರಾಣೆ."

ಅಕ್ಕ ಪಾರ್ಕಿಂಗ್‌ನ ಕಟ್ಟೆಯ ಮೇಲೆ ಕುಸಿದು ಕೂತುಬಿಟ್ಟಳು. "ಈಗ?" ಅಂತ ಕೇಳಿದಳು. ಎಲ್ಲಕ್ಕೂ ನಾನು ಅವಳನ್ನು ಕೇಳುತ್ತಿದ್ದೆ, ಈಗ ಅವಳು ನನ್ನನ್ನು ಕೇಳುತ್ತಿದ್ದಳು. ಇಳಿದು ಅಪ್ಪಿಕೊಳ್ಳಬೇಕು ಅನ್ನಿಸಿತು. ಇಳಿದರೆ ಹೋಗುವುದಿಲ್ಲ ಅಂತಲೂ ಗೊತ್ತಿತ್ತು.

"ಈಗ ಆಗುದಿಲ್ಲ ಅಕ್ಕ" ಅಂದೆ. ಗಾಜು ಏರಿಸಿದೆ.

ಜೆಬೆಲ್ ಅಲಿ ಹತ್ತಿರ ಬಂದಾಗ ದಿನದ ಅಭ್ಯಾಸಕ್ಕೆ ಇಂಡಿಕೇಟರ್ ಹಾಕಿಬಿಟ್ಟಿದ್ದೆ. ಪಕ್ಕದ ಸೀಟು ಖಾಲಿಯಿತ್ತು. ಇಂಡಿಕೇಟರ್ ತೆಗೆದೆ. ಅಲ್ಲಿಂದ ಮುಂದೆ ಅಬುಧಾಬಿಯವರೆಗೂ ಅಳುತ್ತಲೇ ಓಡಿಸಿದೆ.